ಸೊನ್ನೆ ಚೀಟಿ

ಪೋಸ್ಟ್‌ಮಾಸ್ಟರರು ಹಲ್ಲಿನ ಕ್ಲಿನಿಕ್ಕಿಗೆ ಹನ್ನೊಂದನೆಯ ಸಲ ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದ ಮೇಲಿಟ್ಟರು, ಜೇಬಿನಿಂದ ಮಡಚಿದ ಕಾಗದ ತೆಗೆದು ದೂರುಗಳನ್ನು ಒಂದೊಂದಾಗಿ ಓದತೊಡಗಿದರು. ಹಲ್ಲಿಲ್ಲದ ಬಾಯಿಂದ ಓದುತ್ತಿದ್ದುದರಿಂದ ಅರ್ಧಕ್ಕರ್ಧ ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಮಾತ್ರ ಎಲ್ಲದಕ್ಕೂ ತಲೆಯಾಡಿಸಿದರು, ದೀಪ ಹತ್ತಿರ ಎಳೆದು ಅವರ ಬಾಯಿಯನ್ನು ಒಮ್ಮೆ ನೋಡಿದರು. "ಹೌದು ಸಾರ್. ನಮ್ಮ ಮೇಸ್ತ್ರಿ ಈಗಲೇ ಸರಿ ಮಾಡ್ತಾನೆ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದು ಸೆಟ್ಟಿನ ಜೊತೆ ಒಂದು ಚೀಟಿ ಇಟ್ಟು ಮರದ ಅಡ್ಡಗೋಡೆಯ ಕಿಂಡಿಯಿಂದ ಹಿಂದಿನ ಕೋಣೆಗೆ ದಾಟಿಸಿದರು.

ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹಲ್ಲು ಕಟ್ಟುತ್ತ ಕೂತವನಿಗೆ ಮೇಸ್ತ್ರಿ ಎಂದು ಹೆಸರಿಟ್ಟವರು ಡಾಕ್ಟರೇ. ಊರಿನ ಅದೆಷ್ಟೋ ಬಾಯಿಗಳ ಅಚ್ಚು ಅವನ ಕಪಾಟಿನಲ್ಲಿತ್ತು. ಅವನು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಮೂಲೆಯಲ್ಲಿ ಪೆನ್ನಿನಿಂದ ಬರೆದ ಸಣ್ಣದೊಂದು ಸೊನ್ನೆ. ಸೊನ್ನೆಯಿದ್ದರೆ ಏನೂ ಮಾಡುವ ಹಾಗಿಲ್ಲ. ಉಜ್ಜುವ ಮೆಷಿನ್ನು ಚಾಲೂ ಮಾಡಬೇಕು, ಅಡ್ಡಗೋಡೆಯಾಚೆ ಕೂತವರಿಗೆ ಕೇಳುವಂತೆ ಮೂರು ನಿಮಿಷ ಬರೀ ಗಾಳಿಯಲ್ಲಿ ಗಿರ್ರೆನ್ನಿಸಬೇಕು, ಆಮೇಲೆ ಸೆಟ್ಟನ್ನು ತೊಳೆದು ಒರೆಸಿ ವಾಪಸ್ ಕೊಡಬೇಕು. ಅವನು ಹಾಗೇ ಮಾಡಿದ. ಮೂರು ನಿಮಿಷವೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಈಗ ನೋಡಿ, ಎಷ್ಟು ವ್ಯತ್ಯಾಸ," ಪೋಸ್ಟ್‌ಮಾಸ್ಟರರ ದನಿ ಕೇಳಿಸಿತು. "ಇಷ್ಟಕ್ಕೆ ಹನ್ನೊಂದು ಸಲ ಅಲೆಸಬೇಕಿತ್ತಾ?"

ಅವರು ಹೋದ ಮೇಲೆ ಡಾಕ್ಟರು ಕಿಂಡಿಯಲ್ಲಿ ಮುಖ ತೂರಿಸಿ ನಕ್ಕರು. "ತಲೆನೋವಿನ ಗಿರಾಕಿಗಳಿಗೆ ರಿಪೇರಿ ಬೇಕಿರಲ್ಲ ಕಣೋ. ಯಾರೋ ತಮಗೋಸ್ಕರ ಒದ್ದಾಡ್ತಿದ್ದಾರೆ ಅನ್ನೋದು ಕೇಳಿಸಬೇಕು, ಅಷ್ಟೇ."

ಡಾಕ್ಟರಂತೂ ಸಾಮಾನ್ಯ ತಲೆನೋವಲ್ಲ. ಬೆಳಿಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳುವವರು, ತಾವು ತಪ್ಪು ಅಳತೆ ತೆಗೆದು ಮೇಸ್ತ್ರಿಯ ಮೇಲೆ ರೇಗುವವರು. ಅವರಿಗೆ ಎದುರಾಡದೆ, "ಆಯ್ತು ಸಾರ್" ಎಂದು ತನ್ನ ಲೆಕ್ಕದಂತೆಯೇ ಮಾಡಿ ಮುಗಿಸುವುದನ್ನು ಮೇಸ್ತ್ರಿ ಎಂದೋ ರೂಢಿಸಿಕೊಂಡಿದ್ದ. ಮನೆಯ ಮಾಲೀಕನಿಗೂ ಅದೇ ಮದ್ದು, ಮಗಳ ಶಾಲೆಯ ಗುಮಾಸ್ತನಿಗೂ ಅದೇ. ಎಂಥವರನ್ನೂ ಸಂಭಾಳಿಸಬಲ್ಲೆ ಎಂದು ಒಳಗೊಳಗೇ ಅವನಿಗೊಂದು ಜಂಬವಿತ್ತು.

ಆ ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಅಂಗೈಯಲ್ಲಿ ಕೆಳಗಿನ ಸೆಟ್ಟು ಹಿಡಿದುಕೊಂಡು. ಅವನೇ ಕೈಯಾರೆ ಕಟ್ಟಿಕೊಟ್ಟ ಸೆಟ್ಟು. ಅವನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಎಡಗಡೆ, ಹಿಂದೆ ಚುಚ್ಚುತ್ತೆ ಕಣೋ."

"ಮೊನ್ನೆ ತಾನೇ ಉಜ್ಜಿಕೊಟ್ಟೆನಲ್ಲಮ್ಮ. ಎರಡು ಸಲ ಆಯ್ತು."

"ಉಜ್ಜಿದ್ದು ಸರಿಹೋಯ್ತು. ಅದರ ಪಕ್ಕದ್ದು ಈಗ ಚುಚ್ಚುತ್ತೆ. ಒಂದು ಅಕ್ಕಿಕಾಳಿನಷ್ಟು ಜಾಗ, ಅಂಚಿಂದ ಸ್ವಲ್ಪ ಒಳಗೆ."

ಹಲ್ಲು ಕಟ್ಟುವವನಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಆದರೆ ಅವನ ಕಿವಿಗೆ ಬಿದ್ದದ್ದು ಅಮ್ಮನ ಎಂದಿನ ಗೊಣಗಾಟ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ತಪಾಸಣೆಯ ಮೇಜಿನ ಮುಂದೆ ನಿಂತವಳು ಅವಳು. ಕಾಲರಿನಲ್ಲಿ ಒಂದು ಹೊಲಿಗೆ ತಪ್ಪಿದ್ದರೂ ಅಂಗಿಯನ್ನು ಹಿಂದಕ್ಕೆ ಎಸೆಯುತ್ತಿದ್ದಳು. ಹೊಲಿಯುವ ಹೆಂಗಸರು ಅವಳಿಗೆ ವಾಪಸ್ಸಕ್ಕ ಎಂದು ಹೆಸರಿಟ್ಟಿದ್ದರು. ಗಂಡ ಸತ್ತ ಮೇಲೆ ಆ ಮೇಜಿನ ಸಂಬಳದಲ್ಲೇ ಮಗನನ್ನು ಓದಿಸಿ ಕಸುಬು ಕಲಿಸಿದಳು. ಕೆಲಸದಿಂದ ನಿವೃತ್ತಿಯಾಯಿತು, ಕಣ್ಣಿಗೆ ಮಾತ್ರ ಆಗಲಿಲ್ಲ. ಸೋರುವ ನಲ್ಲಿ, ಓರೆಯಾದ ಪರದೆ, ಸೊಸೆ ಮಡಚಿಟ್ಟ ಬಟ್ಟೆ, ಯಾವುದೂ ಅವಳ ಕಣ್ಣಲ್ಲಿ ಪಾಸಾಗುತ್ತಿರಲಿಲ್ಲ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಸೊಸೆ ಅದನ್ನು ನೋಡಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

ಅಂದು ಅವನಿಗೆ ಸಾಕಾಗಿತ್ತು. ಮರುದಿನ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದ. ಡಬ್ಬಿ ಇಡೀ ದಿನ ಅವನ ಚೀಲದಲ್ಲೇ ಇತ್ತು. ಅಮ್ಮನಿಗಾಗಿ ಅವನು ಮೆಷಿನ್ನಿನ ಶಬ್ದವನ್ನೂ ಮಾಡಲಿಲ್ಲ. ಸಂಜೆ ಡಬ್ಬಿಯನ್ನು ಹಾಗೇ ವಾಪಸ್ ತಂದು, "ಚೆನ್ನಾಗಿ ಉಜ್ಜಿದ್ದೀನಿ, ನೋಡು" ಎಂದು ಅವಳ ಕೈಗಿಟ್ಟ.

ಅಮ್ಮ ಸೆಟ್ಟನ್ನು ಬಾಯಿಗೆ ಹಾಕಲಿಲ್ಲ. ಮೊದಲು ಕಿಟಕಿಯ ಹತ್ತಿರ ಒಯ್ದಳು. ತಿರುಗಿಸಿದಳು, ಹೆಬ್ಬೆರಳಿಂದ ಅಂಚನ್ನು ಸವರಿದಳು, ಒಮ್ಮೆ ಮಗನ ಮುಖ ನೋಡಿದಳು. ಆಮೇಲೆ ಹಾಕಿಕೊಂಡಳು.

"ಈಗ ಪರವಾಗಿಲ್ಲ," ಎಂದಳು.

ಅಷ್ಟೇ. ಅಂದಿನಿಂದ ಹಲ್ಲಿನ ಮಾತೇ ನಿಂತುಹೋಯಿತು. ಹಲ್ಲಿನದಷ್ಟೇ ಅಲ್ಲ, ನಲ್ಲಿಯ ಮಾತೂ ಪರದೆಯ ಮಾತೂ ಒಂದೊಂದಾಗಿ ನಿಂತವು. ಸೊಸೆ ಬಟ್ಟೆಯನ್ನು ಹೇಗೆ ಮಡಚಿದರೂ ಹಾಗೇ ಇರುತ್ತಿತ್ತು. "ರೀ, ಅತ್ತೆಗೆ ಏನ್ ಮಾಡಿದ್ರಿ?" ಹೆಂಡತಿ ಒಂದು ದಿನ ಕೇಳಿದಳು. "ತಿಂಗಳಾಯ್ತು, ಒಂದು ಮಾತಿಲ್ಲ. ನಂಗಂತೂ ತಲೆ ಮೇಲಿನ ಹೊರೆ ಇಳಿಸಿದ ಹಾಗಾಗಿದೆ." ಅವನು ಮೀಸೆಯಡಿಯಲ್ಲೇ ನಕ್ಕ. ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೂ ಹೇಳಿದ. ಡಾಕ್ಟರು ತೊಡೆ ತಟ್ಟಿಕೊಂಡು ನಕ್ಕರು. "ಮನೆಗೂ ಸೊನ್ನೆ ಚೀಟೀನಾ? ನೀನು ನನ್ನನ್ನೂ ಮೀರಿಸಿದೆ ಬಿಡು." ಅವನೂ ಜೊತೆಗೆ ನಕ್ಕ. ಆ ನಗೆಯನ್ನು ಆಮೇಲೆ ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮೊದಲು ಗಮನಿಸಿದವಳು ಹೆಂಡತಿ. ಅತ್ತೆ ಎಲ್ಲವನ್ನೂ ಸಾರಿನಲ್ಲಿ ನೆನೆಸಿ ತಿನ್ನುತ್ತಾಳೆ, ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ, ರವಿಕೆ ಹೆಗಲಿಂದ ಜಾರುತ್ತಿದೆ ಎಂದಳು. "ವಯಸ್ಸಾಯ್ತಲ್ಲ," ಎಂದ ಅವನು. ಎರಡನೆಯ ಸಲ ಹೇಳಿದಾಗಲೂ ಹಾಗೇ ಅಂದ. ಮೂರನೆಯ ಸಲ ಅವಳು ಹೇಳಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವನ ಕೈ ಹಿಡಿದು ಬಚ್ಚಲಿನ ಬಾಗಿಲವರೆಗೆ ಕರೆದುಕೊಂಡು ಹೋದಳು. ಒಳಗೆ ಅಮ್ಮ ಬೆನ್ನು ತಿರುಗಿಸಿಕೊಂಡು ಬಾಯಿ ಮುಕ್ಕಳಿಸುತ್ತಿದ್ದಳು. ಉಗುಳಿದ ನೀರು ತಿಳಿಗೆಂಪಾಗಿತ್ತು.

ಅವನು ಅವಳನ್ನು ಕಿಟಕಿಯ ಬಳಿ ಕೂರಿಸಿ ಬಾಯಿ ತೆರೆಸಿದ. ಎಡಗಡೆ, ಹಿಂದೆ, ಅಂಚಿನಿಂದ ಸ್ವಲ್ಪ ಒಳಗೆ. ಅವಳು ಹೇಳಿದ ಜಾಗವೇ. ಅಕ್ಕಿಕಾಳು ಈಗ ಹೆಬ್ಬೆರಳಿನ ಉಗುರಿನಷ್ಟಾಗಿತ್ತು. ನಡುವೆ ಬಿಳಿ, ಸುತ್ತ ಕೆಂಪು, ಅಂಚು ದಪ್ಪಗೆ ಎದ್ದಿತ್ತು. ಇಂಥ ಎಷ್ಟೋ ಹುಣ್ಣುಗಳ ವಿಷಯ ಅವನು ಚೀಟಿಗಳಲ್ಲಿ ಓದಿದ್ದ. ಗುಣವಾಗದೆ ಉಳಿದದ್ದು ಏನಾಗಬಹುದು ಎನ್ನುವುದೂ ಗೊತ್ತಿತ್ತು.

"ಮೂರು ತಿಂಗಳಿಂದ ಇದನ್ನ ಇಟ್ಕೊಂಡು ಸುಮ್ನಿದ್ದೀಯಲ್ಲಮ್ಮ. ಹೇಳೋಕಾಗ್ತಿರಲಿಲ್ವಾ?"

"ಹೇಳಿದ್ದೆ."

"ಆಮೇಲೆ ಪರವಾಗಿಲ್ಲ ಅಂದೆ."

ಅಮ್ಮ ಸೆರಗಿನಿಂದ ತುಟಿ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಪ್ಪತ್ತೆಂಟು ವರ್ಷ ಚೆಕಿಂಗಲ್ಲಿ ಇದ್ದೋಳು ನಾನು. ಕೈ ಮುಟ್ಟಿದ್ದು ಯಾವುದು, ಮುಟ್ಟದೇ ಇರೋದು ಯಾವುದು, ನಂಗೆ ಗೊತ್ತಾಗಲ್ವೇನೋ? ಹೊಲಿಯೋರೂ ಹೀಗೇ ಮಾಡ್ತಿದ್ರು. ಸರಿ ಮಾಡಿದ್ದೀವಿ ಅಂತ ಅದನ್ನೇ ಮತ್ತೆ ಮೇಜಿಗೆ ಇಡೋರು. ಅವರ ಮುಖಕ್ಕೇ ಎಸೀತಿದ್ದೆ. ನಿನ್ನ ಮುಖಕ್ಕೆ ಹೇಗೆ ಎಸೀಲಿ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು.

"ನಿಂಗೂ ಸಾಕಾಗಿತ್ತು," ಅಮ್ಮ ಅಂದಳು. "ಅವಳಿಗೂ ಸಾಕಾಗಿತ್ತು. ನಾನು ಬಾಯಿ ಮುಚ್ಚಿಕೊಂಡ ಮೇಲೆ ಮನೆ ಎಷ್ಟು ತಣ್ಣಗಾಯ್ತು, ನಾನೂ ನೋಡಿದೆನಲ್ಲ."

ಡಾಕ್ಟರು ಅಂದು ಭಾನುವಾರವಾದರೂ ಬಂದರು. ಆ ಮಟ್ಟಿಗೆ ಒಳ್ಳೆಯವರೇ. ಹುಣ್ಣು ನೋಡಿ ಅವರ ಮುಖದ ನಗೆ ಹೋಯಿತು. ಸೆಟ್ಟು ಪೂರ್ತಿ ಬಿಡಬೇಕು, ಎರಡು ವಾರದಲ್ಲಿ ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಅಲ್ಲಯ್ಯ, ಸೊನ್ನೆ ಹಾಕೋ ಮುಂಚೆ ನಾನು ಬಾಯಿ ನೋಡಿರ್ತೀನಿ. ನೀನು ನೋಡಿದ್ಯಾ?"

ಅವನು ನೋಡಿರಲಿಲ್ಲ. ಪೋಸ್ಟ್‌ಮಾಸ್ಟರರ ಬಾಯಿಗೆ ಸಿಕ್ಕಿದಷ್ಟು ಬೆಳಕೂ ಅಮ್ಮನ ಬಾಯಿಗೆ ಸಿಕ್ಕಿರಲಿಲ್ಲ.

ಆ ಎರಡು ವಾರ ಅವನು ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಅವಳ ಬಾಯಿ ನೋಡಿದ. ಹೆಂಡತಿ ಎಲ್ಲವನ್ನೂ ಮೆತ್ತಗೆ ಬೇಯಿಸಿ, ಹಿಸುಕಿ, ಬಟ್ಟಲಲ್ಲಿ ತಂದಿಟ್ಟಳು. ಒಂದು ದಿನ ಒಗೆದ ಬಟ್ಟೆಗಳನ್ನು ಅತ್ತೆಯ ಮಂಚದ ಮೇಲೆ ಬೇಕೆಂದೇ ಹೇಗೆಹೇಗೋ ಮಡಚಿ ಗುಡ್ಡೆ ಹಾಕಿದಳು. ಅಮ್ಮ ಅದರ ಪಕ್ಕದಲ್ಲೇ ಮಲಗಿ ನಿದ್ದೆ ಹೋದಳು. ಸಂಜೆ ಹೆಂಡತಿಯೇ ಅವನ್ನು ಬಿಚ್ಚಿ ನೀಟಾಗಿ ಮಡಚಿದಳು.

ಹುಣ್ಣು ಮಾಯಿತು. ಹದಿನೈದನೆಯ ದಿನ ಅಲ್ಲಿ ಬರೀ ತಿಳಿಗುಲಾಬಿ ಚರ್ಮವಿತ್ತು. ಡಾಕ್ಟರು ಭುಜ ತಟ್ಟಿದಾಗ ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು.

ಇನ್ನು ಉಳಿದದ್ದು ಅವನ ಕೆಲಸ. ಸೆಟ್ಟನ್ನು ಈಗ ಸರಿಯಾಗಿ ಕೂರಿಸಬೇಕು, ಇಲ್ಲದಿದ್ದರೆ ಅಲ್ಲೇ ಮತ್ತೆ ಹುಣ್ಣಾಗುತ್ತದೆ. ಕ್ಲಿನಿಕ್ಕಿಗೆ ರಜೆಯಿದ್ದ ದಿನ ಅಮ್ಮನನ್ನು ಕರೆತಂದು ತನ್ನ ಕೋಣೆಯಲ್ಲೇ, ಕಿಟಕಿಗೆ ಮುಖ ಮಾಡಿ ಕೂರಿಸಿದ. ತಾನು ಕೆಳಗೆ ಮಂಡಿಯೂರಿದ. ಒಸಡಿನ ನೋಯುವ ಜಾಗಕ್ಕೆ ನೀಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟರೆ ಅದು ಸೆಟ್ಟಿಗೆ ಅಂಟುತ್ತದೆ, ಅಂಟಿದಲ್ಲಿ ಉಜ್ಜಬೇಕು. ಆದರೆ ಚುಕ್ಕೆ ಎಲ್ಲಿಡಬೇಕೆಂದು ಬಾಯಿಯ ಒಡೆಯರೇ ಹೇಳಬೇಕು. ಹೊರಗಿನಿಂದ ಎಷ್ಟು ನೋಡಿದರೂ ಎಲ್ಲ ಒಂದೇ ಗುಲಾಬಿ ಬಣ್ಣ.

"ಕಚ್ಚಿ ನೋಡಮ್ಮ. ಎಲ್ಲಿ ಒತ್ತುತ್ತೆ?"

ಅಮ್ಮ ಕಚ್ಚಿದಳು. "ಎಲ್ಲೂ ಇಲ್ಲ."

"ಎಡಗಡೆ ಹಿಂದೆ?"

"ಇಲ್ಲಪ್ಪ."

"ಒಳಗಡೆ ಅಂಚು? ನಿಜ ಹೇಳು, ಎಷ್ಟು ಸಲ ಬೇಕಾದ್ರೂ ಉಜ್ತೀನಿ. ಇಪ್ಪತ್ತು ಸಲ ಹೇಳು."

"ಏನೂ ಇಲ್ಲ ಕಣೋ. ಚೆನ್ನಾಗಿದೆ."

ಅವನು ಅಂದಾಜಿನಲ್ಲಿ ಒಂದು ಕಡೆ ಸ್ವಲ್ಪ ಉಜ್ಜಿಕೊಟ್ಟ. ಚೆನ್ನಾಗಿದೆ ಎಂದಳು. ಆಮೇಲೆ ಕಪಾಟಿನಿಂದ ಬೇರೆ ಯಾರದೋ ಹಳೆಯ ಕೆಳಗಿನ ಸೆಟ್ಟು ತೆಗೆದು ತೊಳೆದು ಅವಳ ಕೈಗಿಟ್ಟ. ಯಾಕೆ ಹಾಗೆ ಮಾಡಿದನೋ ಅವನಿಗೂ ಗೊತ್ತಿಲ್ಲ. ಅದನ್ನಾದರೂ ಅವಳು ಎಸೆಯಲಿ, ಮುಖಕ್ಕೇ ಎಸೆಯಲಿ ಎಂದು ಕಾದ. ಅಮ್ಮ ಅದನ್ನು ಕಿಟಕಿಗೆ ಹಿಡಿಯಲಿಲ್ಲ. ಬೆರಳಿಂದ ಸವರಲೂ ಇಲ್ಲ. ಬಾಯಿಗೆ ಹಾಕಿಕೊಂಡಳು. ಒಂದು ಕಡೆ ಎದ್ದು, ಇನ್ನೊಂದು ಕಡೆ ತುಟಿಯನ್ನು ಉಬ್ಬಿಸಿ, ಅದು ಎಲ್ಲೂ ಕೂರದೆ ಅಲ್ಲಾಡುತ್ತಿತ್ತು. ಅವಳು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು, ಬಾಯಿ ಮುಚ್ಚಲಾಗದೆ, ಮಗನನ್ನು ನೋಡಿ ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದಳು.