ಲಗ್ನಪತ್ರಿಕೆಯ ಅಕ್ಷರಗಳು

ಕಾರ್ಡಿನಿಂದ ಅಕ್ಷರ ಕಳಚಿ ಬಿದ್ದಿದೆ ಎನ್ನುವುದು ಪದ್ಮಶ್ರೀಯ ಗಮನಕ್ಕೆ ಬಂದದ್ದು ದಿವ್ಯ ಉತ್ತರ ಹೇಳಿಯಾದ ಮೇಲೆ.

ಕಣ್ಣಿಗೆ ಕರವಸ್ತ್ರ ಕಟ್ಟಿಸಿಕೊಂಡು ಕುಳಿತಿದ್ದ ನಾಲ್ಕೂವರೆ ವರ್ಷದ ಹುಡುಗಿ ಬರಿಯ ರಟ್ಟಿನ ಮೇಲೆ ತೋರುಬೆರಳನ್ನು ಎರಡು ಸುತ್ತು ಆಡಿಸಿ, ‘ಮ’ ಎಂದಳು. ಉತ್ತರ ಸರಿಯಾಗಿತ್ತು. ಆದರೆ ‘ಮ’ ಆಕಾರಕ್ಕೆ ಕತ್ತರಿಸಿ ಅಂಟಿಸಿದ್ದ ಉಪ್ಪುಕಾಗದ, ಬಡಗಿಗಳು ಮರ ಉಜ್ಜುತ್ತಾರಲ್ಲ ಆ ಒರಟು ಕಾಗದ, ಗೋಂದು ಬಿಟ್ಟು ಚಾಪೆಯ ಮೇಲೆ ಬಿದ್ದಿತ್ತು. ಕಾರ್ಡಿನಲ್ಲಿ ಸವರಿ ಗುರುತಿಸಲು ಏನೂ ಇರಲಿಲ್ಲ.

ಪದ್ಮಶ್ರೀ ಹುಡುಗಿಯ ಎಡಗೈ ನೋಡಿದಳು. ಅದರ ಬೆರಳುಗಳು ಕಾರ್ಡಿನ ಬೆನ್ನಿಗೆ ಉಬ್ಬಿಸಿ ಅಚ್ಚುಹಾಕಿದ್ದ ಗಣಪನ ಹೊಟ್ಟೆಯನ್ನು ಮೆಲ್ಲಗೆ ಉಜ್ಜುತ್ತಿದ್ದವು.

ಆ ರಟ್ಟುಗಳೆಲ್ಲ ಹಳೆಯ ಲಗ್ನಪತ್ರಿಕೆಗಳು. ಪದ್ಮಶ್ರೀ ಕಲಿಸುತ್ತಿದ್ದ ಚಿಕ್ಕಬಾಣಾವರದ ಈ ಶಿಶುವಿಹಾರ ನಡೆಯುತ್ತಿದ್ದುದು ಲಕ್ಷ್ಮಿದೇವಮ್ಮನವರ ಸ್ವಂತ ಕಟ್ಟಡದ ನೆಲಮಹಡಿಯಲ್ಲಿ. ಅವರ ಯಜಮಾನರು ಚಿಕ್ಕಬೈರಪ್ಪ ಹೊಲ ಇದ್ದ ಜಾಗದಲ್ಲೆಲ್ಲ ಮನೆ ಕಟ್ಟಿಸಿ ಮಾರಿದವರು. ಸುತ್ತಲಿನ ಯಾವ ಮದುವೆಯ ಕರೆಯೂ ಆ ಮನೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ದೇವರ ಚಿತ್ರವಿರುವುದನ್ನು, ಮೂಲೆಗೆ ಅರಿಶಿನ ಹಚ್ಚಿದ್ದನ್ನು ಕಸಕ್ಕೆ ಹಾಕುವಂತಿಲ್ಲ ಎಂದು ಲಕ್ಷ್ಮಿದೇವಮ್ಮ ಅವನ್ನೆಲ್ಲ ಚೀಲದಲ್ಲಿ ತುಂಬಿಟ್ಟಿದ್ದರು. ಜೂನಿನಲ್ಲಿ ಪದ್ಮಶ್ರೀ ರಟ್ಟು ಕೇಳಿದಾಗ, ವಿದ್ಯೆಗಾದರೆ ದೋಷವಿಲ್ಲ ಎಂದು ಇಡೀ ಚೀಲ ಕೊಟ್ಟರು. ಒಂದು ಮಖಮಲ್ಲಿನ ಹಾಗೆ ಮೆತ್ತಗೆ, ಇನ್ನೊಂದಕ್ಕೆ ರೇಷ್ಮೆದಾರದ ಕುಚ್ಚು, ಮತ್ತೊಂದು ಗಾಜಿನಂತೆ ನುಣುಪು. ಹನ್ನೆರಡು ಅಕ್ಷರ, ಹನ್ನೆರಡು ಮದುವೆ. ಮಕ್ಕಳು ಮೂರು ತಿಂಗಳಲ್ಲಿ ಮದುವೆಗಳನ್ನು ಕಲಿತಿದ್ದರು.

ಅವಳಿಗೆ ಕೂರಲಾಗಲಿಲ್ಲ. ತಟ್ಟೆಗೆ ರವೆ ಹರಡಿ, ಅದರಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಹದಿನಾಲ್ಕು ಮಕ್ಕಳನ್ನೂ ಕೇಳಿದಳು. ಇಬ್ಬರು ಹೇಳಿದರು. ಉಳಿದವರು ತಟ್ಟೆಯ ಅಡಿಗೆ ಕೈ ಹಾಕಿ ತಡಕಿದರು.

ಅಂದು ಗುರುವಾರ. ಶನಿವಾರ ತಂದೆತಾಯಿಯರ ಸಭೆ. ಎದುರು ರಸ್ತೆಯ ಶಾಲೆಯಲ್ಲಿ ಇದೇ ವಯಸ್ಸಿನ ಮಕ್ಕಳು ಪುಟಗಟ್ಟಲೆ ಬರೆಯುತ್ತಾರೆ, ಇಲ್ಲಿ ಬರೀ ಆಟ ಎಂದು ನಾಲ್ಕು ಜನ ಆಗಲೇ ಗೊಣಗಿದ್ದರು. ಲಕ್ಷ್ಮಿದೇವಮ್ಮ ಮಾತು ಸುತ್ತಿಬಳಸದೆ ಹೇಳಿದ್ದರು: ಸಭೆಯಲ್ಲಿ ಎಲ್ಲರೂ ಒಪ್ಪಿದರೆ ಆಟ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರದಿಂದ ಸ್ಲೇಟು, ತಿದ್ದುವುದು, ಅಷ್ಟೆ.

ಗೊರಗುಂಟೆಪಾಳ್ಯದ ಕಾರ್ಖಾನೆಯಿಂದ ಸಂಜೆ ಬಂದ ಗಂಡ ಸಂಗಮೇಶನಿಗೆ ಅವಳು ಎಲ್ಲವನ್ನೂ ಹೇಳಿದಳು. ಅವನು ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

“ಹಳೇ ಕಾರ್ಡ ಹಿಡದು ಆಡಿಸಿಬಿಡು. ಯಾರಿಗೆ ತಿಳೀತೈತಿ?”

“ನನಗ ತಿಳದೈತಲ್ಲ.”

“ಸಭಾ ಮುಗೀಲಿ, ಆಮ್ಯಾಲೆ ಖರೇನ ಕಲಿಸು. ಆಟ ಉಳದ್ರ ತಾನ ಕಲಿಸಾಕ ಆಗೂದು?”

ಅವಳು ಅವನ ಮಾತಿನಲ್ಲಿ ತಪ್ಪು ಹುಡುಕುತ್ತಾ ಅಡುಗೆಮನೆಗೂ ಬಾಗಿಲಿಗೂ ಓಡಾಡಿದಳು. ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಇಷ್ಟು ದಿನ ಮಕ್ಕಳು ಥಟ್ಟನೆ ಉತ್ತರ ಹೇಳಿದಾಗಲೆಲ್ಲ ತನಗಾದ ಸಂತೋಷ ನೆನಪಾಯಿತು. ಅಷ್ಟು ಬೇಗ ಹೇಗೆ ಎಂದು ಒಂದು ದಿನವಾದರೂ ಕೇಳಿಕೊಂಡಿರಲಿಲ್ಲ.

ಶನಿವಾರ ಹಳೆಯ ಕಾರ್ಡುಗಳನ್ನೇ ತೆಗೆದುಕೊಂಡು ಹೋದಳು. ‘ಮ’ವನ್ನು ಮತ್ತೆ ಅಂಟಿಸಿದ್ದಳು.

ಆಟ ಅದ್ಭುತವಾಗಿ ನಡೆಯಿತು. ಕಣ್ಣು ಕಟ್ಟಿದ ಮಕ್ಕಳು ತಡವರಿಸದೆ ಹೇಳುತ್ತಾ ಹೋದರು. ಗೊಣಗಿದ್ದವರೇ ಫೋನೆತ್ತಿ ವಿಡಿಯೊ ಮಾಡಿಕೊಂಡರು. ಲಕ್ಷ್ಮಿದೇವಮ್ಮ ಸೆರಗು ಸರಿಮಾಡಿಕೊಂಡು, ತಾವೇ ಕಲಿಸಿದವರ ಹಾಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪದ್ಮಶ್ರೀ ಮಾತ್ರ ಮಕ್ಕಳ ಎಡಗೈಗಳನ್ನೇ ನೋಡುತ್ತಿದ್ದಳು.

ಕೊನೆಯಲ್ಲಿ ದಿವ್ಯಳ ತಂದೆ ದಾಸಪ್ಪ ಎದ್ದು ನಿಂತರು. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವವರು; ಅಂದು ಬೆಳಗಿನ ಕೆಲಸ ಬಿಟ್ಟು ಬಂದಿದ್ದರು.

“ನಂಗೆ ಓದಕ್ಕೆ ಬರಲ್ಲ ಮಿಸ್ಸು. ಬಸ್ಸಿನ ಬೋರ್ಡು ಸೈತ ಯಾರನ್ನಾನ ಕೇಳ್ಬೇಕು. ಇನ್ಮೇಲೆ ಇವಳ್ನ ಕೇಳ್ತೀನಿ ಬುಡಿ.”

ಎಲ್ಲರೂ ನಕ್ಕರು. ದಿವ್ಯಳೂ ನಕ್ಕಳು. ಈ ಹುಡುಗಿ ಬಸ್ಸಿನ ಮುಂದೆ ಅಪ್ಪನ ಕೈ ಹಿಡಿದು ನಿಂತು ಏನು ಮಾಡುತ್ತಾಳೆ ಎಂಬುದು ಪದ್ಮಶ್ರೀಯ ಕಣ್ಣಿಗೆ ಕಟ್ಟಿತು. ಸಭೆ ಏಳುವುದರಲ್ಲಿತ್ತು.

“ಅವಳಿಗಿನ್ನೂ ಅಕ್ಷರ ಬರೋದಿಲ್ಲ ದಾಸಪ್ಪನವರೇ,” ಎಂದಳು.

ಆಮೇಲೆ ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿ ಅವುಗಳ ಬೆನ್ನು ತೋರಿಸಿದಳು. ಗಣಪ, ಕುಚ್ಚು, ಮಖಮಲ್ಲು ಎಲ್ಲವನ್ನೂ. ಮಕ್ಕಳು ಮೋಸ ಮಾಡಿಲ್ಲ, ಆಟ ಕಟ್ಟಿದ ತನ್ನದೇ ತಪ್ಪು, ಗೊತ್ತಾಗಿ ಎರಡು ದಿನವಾಯಿತು ಎಂದು ಹೇಳಿ ಮುಗಿಸುವಾಗ ಫೋನುಗಳೆಲ್ಲ ಕೆಳಗಿಳಿದಿದ್ದವು. ಯಾರೋ ಒಬ್ಬರು, ಫೀಸು ಇದಕ್ಕಾ ಕಟ್ಟಿದ್ದು ಎಂದು ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ ಅಂದರು. ಎಲ್ಲರಿಗೂ ಕೇಳಿಸಿತು.

ದಾಸಪ್ಪ ಕಾರ್ಡು ಇಸಿದುಕೊಂಡು ಹಿಂದೆಮುಂದೆ ಸವರಿ ನೋಡಿದರು. “ಇಷ್ಟು ನೆಪ್ಪಿಟ್ಕೊಂಡವಳೆ ಅಂದ್ರೆ ದಡ್ಡಿಯಂತೂ ಅಲ್ಲ ಬುಡಿ,” ಎಂದು ಮಗಳನ್ನೆತ್ತಿಕೊಂಡು ಹೊರಟರು. ಬೇಸರವಾಗಿತ್ತೋ ಏನೋ, ಪದ್ಮಶ್ರೀಯ ಮುಖ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಲಕ್ಷ್ಮಿದೇವಮ್ಮ ಕುರ್ಚಿಗಳನ್ನು ಒಂದರ ಮೇಲೊಂದು ಇಡತೊಡಗಿದರು. ಅದು ಅವರ ಕೆಲಸವಲ್ಲ.

“ಮೊದ್ಲೇ ನಂಗೊಂದು ಮಾತು ಹೇಳಕ್ಕೆ ಏನಾಗಿತ್ತಮ್ಮಾ? ನಾಲ್ಕು ಜನದ ಮುಂದೆ ಇಂಗಾ ಮಾಡೋದು?”

“ತಪ್ಪಾಯ್ತು ಅಮ್ಮಾರೇ.”

“ಸೋಮವಾರದಿಂದ ಸ್ಲೇಟು.” ಅವರು ಬಾಗಿಲವರೆಗೆ ಹೋಗಿ ನಿಂತರು. “ತಿದ್ಸಿ ಆದ್ಮೇಲೆ, ವ್ಯಾನ್ ಬರೋವರ್ಗೂ ಅರ್ಧ ಗಂಟೆ ಇರ್ತದಲ್ಲ. ಅದ್ರಲ್ಲಿ ಏನಾನ ಮಾಡ್ಕೊ. ನಾನು ನೋಡಕ್ಕೆ ಬರಲ್ಲ.”

ಭಾನುವಾರ ಪದ್ಮಶ್ರೀ ಫ್ರಿಜ್ಜು ಬಂದಿದ್ದ ಡಬ್ಬದ ರಟ್ಟಿನಿಂದ ಹನ್ನೆರಡು ತುಂಡು ಕತ್ತರಿಸಿದಳು. ಎಲ್ಲ ಒಂದೇ ಅಳತೆ, ಒಂದೇ ದಪ್ಪ. ಸಂಗಮೇಶ ಗೋಂದು ಹಚ್ಚಿಕೊಟ್ಟ.

ಸೋಮವಾರ ಮಕ್ಕಳು ಬೆಳಗೆಲ್ಲ ತಿದ್ದಿದರು. ಬಳಪದ ಕಿರ್ರೆನ್ನುವ ಸದ್ದಿನಲ್ಲಿ ಅವಳ ಹಲ್ಲು ಜುಮ್ಮೆಂದಿತು. ಕೊನೆಯ ಅರ್ಧ ಗಂಟೆಗೆ ದಿವ್ಯಳ ಕಣ್ಣು ಕಟ್ಟಿ ಹೊಸ ಕಾರ್ಡು ಕೊಟ್ಟಳು. ಹುಡುಗಿಯ ಎಡಗೈ ಕಾರ್ಡಿನ ಬೆನ್ನ ಮೇಲೆಲ್ಲ ಓಡಾಡಿತು, ಅಂಚುಗಳನ್ನು ಹುಡುಕಿತು.

“ಮಿಸ್, ಇದ್ರಲ್ಲಿ ಏನೂ ಇಲ್ಲ.”

“ಈ ಕಡೆ ಇದೆ ನೋಡು, ಪುಟ್ಟಿ.”

ತೋರುಬೆರಳು ಒರಟು ಕಾಗದಕ್ಕೆ ತಾಗಿ ಒಂದು ಕ್ಷಣ ಹಿಂದೆ ಸರಿಯಿತು. ಮತ್ತೆ ಬಂದು, ತಲೆಕಟ್ಟಿನಿಂದ ಕೆಳಗೆ, ಬಹಳ ನಿಧಾನವಾಗಿ ಇಳಿಯತೊಡಗಿತು. ಹೊರಗೆ ವ್ಯಾನು ಹಾರ್ನ್ ಹಾಕಿತು. ಉತ್ತರ ಪದ್ಮಶ್ರೀಯ ತುಟಿಯವರೆಗೆ ಬಂದಿತ್ತು. ಅವಳು ಹೇಳಿಕೊಡಲಿಲ್ಲ. ಬೆರಳು ಇನ್ನೂ ಅರ್ಧ ದಾರಿಯಲ್ಲಿತ್ತು.