ಹಿಡಿಗೆ ಇಟ್ಟ ಕುಂಕುಮ

"ಅಯ್ಯೋ, ಏನೇ ಇದು? ಮ್ಯೂಸಿಯಂ ಸಾಮಾನಿಗೆ ಕುಂಕುಮ ಇಟ್ಟಿದ್ಯಾ?" ಊಟದ ಡಬ್ಬಿ ಮೇಜಿನ ಮೇಲಿಡುತ್ತ ಸುಹಾಸ್ ಹೆಂಡತಿಯನ್ನು ಕೇಳಿದ. "ಕೆಲ್ಸ ಹೋಯ್ತು ನಿಂದು, ಅಷ್ಟೇ."

"ಮೆತ್ತಗೆ ಮಾತಾಡು. ಆ ದೊಡ್ಡ ಮನುಷ್ಯ ಪಕ್ಕದ ರೂಮಲ್ಲೇ ಟೀ ಕುಡೀತಿದಾರೆ." ಅಪರ್ಣಾ ಹತ್ತಿಯ ತುಂಡೊಂದನ್ನು ನೀರಿಗದ್ದಿದಳು. "ಇವತ್ತು ಆಯುಧಪೂಜೆ ಅಲ್ವೇನೋ? ಕಂಪ್ಯೂಟರ್‌ಗೆ, ಸ್ಕ್ರೂಡ್ರೈವರ್‌ಗೆ ಇಟ್ಟೆ. ಇದು ಎದುರಿಗೇ ಇತ್ತು. ನಿಜವಾದ ಆಯುಧ ಅಂದ್ರೆ ಇಲ್ಲಿ ಇದೊಂದೇ. ಕೈ ತಡೀಲಿಲ್ಲ."

ಅದು ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ವಿಮಾನದ ಕಂಟ್ರೋಲ್ ಸ್ಟಿಕ್ಕು; ಪೈಲಟ್ ಮುಷ್ಟಿಯಲ್ಲಿ ಹಿಡಿಯುತ್ತಿದ್ದ ಹಿಡಿ ಮಾತ್ರ. ಹೆಬ್ಬೆರಳಿಗೊಂದು ಗುಂಡಿ, ಒತ್ತಿದರೆ ಫಿರಂಗಿ. ನೆತ್ತಿಯ ಮೇಲೆ ಮಡಚುವ ಲೋಹದ ಪಟ್ಟಿ. ಅದು ಮಡಚಿದ್ದರೆ ಯಾವ ಗುಂಡೂ ಹಾರದು. ಮುಂದಕ್ಕೆ ತಿರುಗಿಸಿದರೆ ಆ ಪಟ್ಟಿಯೇ ತೋರುಬೆರಳಿಗೆ ಟ್ರಿಗರ್ ಆಗಿಬಿಡುತ್ತದೆ. ಕಾಯುವುದೂ ಕೊಲ್ಲುವುದೂ ಒಂದೇ ಪಟ್ಟಿ! ಮಾಡಿದವನ ತಲೆಯನ್ನು ಮೆಚ್ಚಬೇಕು, ಮನಸ್ಸನ್ನಲ್ಲ.

ಕಾರ್ಕ್‌ನ ಪಶ್ಚಿಮಕ್ಕಿರುವ ಈ ಐರಿಷ್ ಮೀನುಗಾರರ ಊರಿನಲ್ಲಿ ಅದು ಡೆನಿ ಓ'ಡ್ರಿಸ್ಕಾಲ್ ಎಂಬ ಅಜ್ಜನ ಅಪ್ಪನ ಬಲೆಗೆ ಸಿಕ್ಕಿತ್ತಂತೆ. ಸಿಕ್ಕಿತು ಎಂದು ಅವನು ಸಾಯುವವರೆಗೂ ಹೇಳಿದ. ಕಾಗೆ ಹಾರಿಸುವುದಕ್ಕೂ ಒಂದು ಮಿತಿ ಬೇಡವೇ ಎಂದು ಊರು ಅವನು ಸಾಯುವವರೆಗೂ ನಕ್ಕಿತು. ಆಮೇಲೆ ಆ ನಗು ಆಸ್ತಿಯ ಹಾಗೆ ಮಗನ ಪಾಲಿಗೆ ಬಂತು. ಎಂಬತ್ತು ದಾಟಿದ ಡೆನಿ ಈಗಲೂ ಪಬ್ಬಿಗೆ ಕಾಲಿಟ್ಟರೆ ಯಾರಾದರೊಬ್ಬರು ತೋಳು ಚಾಚಿ ವಿಮಾನದ ಸದ್ದು ಮಾಡುತ್ತಾರೆ. ಅಪ್ಪ ಸುಳ್ಳನಲ್ಲ ಎಂದು ಬಲ್ಲವರೊಬ್ಬರ ಬಾಯಿಂದ ಕೇಳಬೇಕು, ಅಜ್ಜನಿಗೆ ಉಳಿದದ್ದು ಅದೊಂದೇ ಆಸೆ. ಊರಿನ ಪುಟ್ಟ ಮ್ಯೂಸಿಯಂನಲ್ಲಿ ಕೆಲಸಕ್ಕೆ ಸೇರಿದ ಅಪರ್ಣಾ ಅದನ್ನು ತನ್ನ ಹಟವನ್ನಾಗಿ ಮಾಡಿಕೊಂಡು ಡಬ್ಲಿನ್ನಿನಿಂದ ಟಿಯರ್ನಿ ಎಂಬ ತಜ್ಞರನ್ನು ಕರೆಸಿದ್ದಳು.

ಟಿಯರ್ನಿ ಬೆಳಿಗ್ಗೆ ಲೆನ್ಸ್ ಹಿಡಿದು ನೋಡಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. "ನಕಲು. ನಾನು ನೋಡಿದ ಅಸಲಿಗಳಿಗೆಲ್ಲ ಈ ಪಟ್ಟಿಯ ಒಳಮೈಯಲ್ಲಿ ಕಾರ್ಖಾನೆಯವರು ಕೈಯಿಂದ ಹೊಡೆದ ಮುದ್ರೆ ಇದೆ. ನಕಲು ಮಾಡುವವರಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಇಲ್ಲಿ ನೋಡಿ, ನುಣ್ಣಗಿದೆ."

"ನಮ್ಮಮ್ಮ ಪ್ರತಿ ಶನಿವಾರ ಪಾಲಿಶ್ ಹಾಕಿ ಉಜ್ಜುತ್ತಿದ್ದಳು," ಎಂದು ಡೆನಿ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಡಿಯನ್ನು ಮನೆಗೆ ಒಯ್ಯುತ್ತೇನೆಂದು ಹೇಳಿ ಇದೇ ಕೋಣೆಯ ಹೀಟರ್ ಪಕ್ಕದ ಕುರ್ಚಿಯಲ್ಲಿ ಕೂತವನು ಮತ್ತೆ ತಲೆಯೆತ್ತಿರಲಿಲ್ಲ.

ಅವನನ್ನು ನೋಡಿ ಅಪರ್ಣಾ ಕುಂಕುಮದ ಡಬ್ಬಿ ಕೈಗೆತ್ತಿಕೊಂಡಿದ್ದಳು. ನಕಲಿಯಾದರೇನು, ಹಬ್ಬದ ದಿನ ಬರಿ ಹಣೆಯಲ್ಲಿ ಹೋಗುವುದು ಬೇಡ ಎಂದುಕೊಂಡು ಪಟ್ಟಿಯನ್ನೆತ್ತಿ, ಯಾರಿಗೂ ಕಾಣದ ಒಳಮೈಗೆ ಒದ್ದೆ ಬೆರಳಿನಿಂದ ಕುಂಕುಮ ಒತ್ತಿದ್ದಳು. ಒತ್ತಿದ ಮೇಲೆ ಬುದ್ಧಿ ಬಂತು. ಈಗ ಒರೆಸುತ್ತಿದ್ದಾಳೆ. ಮೇಲಿನ ಕೆಂಪೆಲ್ಲ ಹತ್ತಿಗೆ ಬಂತು, ಅಡಿಯಲ್ಲಿ ಕೂದಲೆಳೆಯಂಥ ಗೆರೆಗಳು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಕಲೆ ಆಗೋಯ್ತು ಕಣೋ! ಏನ್ ಮಾಡ್ಲಿ ಈಗ?"

ಸುಹಾಸ್ ಮೊಬೈಲಿನ ಟಾರ್ಚ್ ಹಾಕಿ ಬಗ್ಗಿದ. "ತಡಿ ತಡಿ, ಒರೆಸ್ಬೇಡ. ಕಲೆ ಎಲ್ಲಾದ್ರೂ ಇಷ್ಟು ರೌಂಡಾಗಿ ಆಗುತ್ತೇನೇ? ಒಳಗೆ ನಂಬರ್ ಬೇರೆ ಇದೆ ನೋಡು."

ಸಣ್ಣದೊಂದು ವೃತ್ತ, ಅದರೊಳಗೆ ಎರಡು ಅಂಕಿ. ಉಜ್ಜಿ ಉಜ್ಜಿ ಸವೆದು ಕಣ್ಣಿಗೆ ಕಾಣದಂತಾಗಿದ್ದ ತಗ್ಗಿನಲ್ಲಿ ಕುಂಕುಮ ಕೂತುಬಿಟ್ಟಿತ್ತು. ಅಪರ್ಣಾ ಹತ್ತಿಯನ್ನು ಕೆಳಗಿಟ್ಟಳು. ಕೆಲಸ ಹೋದರೆ ಹೋಗಲಿ ಎಂದು ಪಕ್ಕದ ಕೋಣೆಗೆ ಓಡಿದಳು.

ಟಿಯರ್ನಿ ಕೈಯಲ್ಲಿದ್ದ ಕಪ್ಪಿನ ಸಮೇತ ಬಂದರು. "ಇದೇನು ಬಣ್ಣ?"

"ಕುಂಕುಮ. ನಮ್ಮಲ್ಲಿ ಇವತ್ತು ಆಯುಧಗಳಿಗೆ ಪೂಜೆ ಮಾಡ್ತೀವಿ. ತಪ್ಪಾಯ್ತು ಸರ್."

"ತಪ್ಪೇ. ಪ್ರದರ್ಶನದ ವಸ್ತುವಿಗೆ ಯಾರಾದರೂ ಬಣ್ಣ ಹಚ್ಚುತ್ತಾರೆಯೇ?" ಎನ್ನುತ್ತ ಅವರು ಲೆನ್ಸ್ ತೆಗೆದರು. ನೋಡಿದರು. ದೀಪದ ಹತ್ತಿರ ಒಯ್ದು ಮತ್ತೆ ನೋಡಿದರು. ಟೀ ತಣ್ಣಗಾಯಿತು. ಕೊನೆಗೆ ಕನ್ನಡಕ ತೆಗೆದು, ನೆಟ್ಟಗೆ ಹೀಟರ್ ಪಕ್ಕದ ಕುರ್ಚಿಯ ಮುಂದೆ ಹೋಗಿ ನಿಂತರು.

"ಓ'ಡ್ರಿಸ್ಕಾಲ್ ಅವರೇ, ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಇದು ಅಸಲಿ. ನಿಮ್ಮ ತಂದೆ ಸುಳ್ಳು ಹೇಳಿರಲಿಲ್ಲ."

ಡೆನಿ ಅಜ್ಜ ನಿಧಾನವಾಗಿ ಎದ್ದ. "ಇನ್ನೊಂದು ಸಲ ಹೇಳಿ."

ಟಿಯರ್ನಿ ಇನ್ನೊಂದು ಸಲ ಹೇಳಿದರು.

"ಗ್ರ್ಯಾಂಡ್," ಎಂದ ಅಜ್ಜ. "ಈಗ ಸ್ವಲ್ಪ ಗಟ್ಟಿಯಾಗಿ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಕಿವಿ ಮಂದ."

ಅಪರ್ಣಾ ತಡಮಾಡದೆ ಬಂದರಿನ ಕಡೆಯ ಕಿಟಕಿ ತೆರೆದಳು. ಡಬ್ಲಿನ್ನಿನ ಆ ಗಂಭೀರ ಮನುಷ್ಯರು ಒಂದು ಗಳಿಗೆ ಮುಜುಗರಪಟ್ಟು, ಆಮೇಲೆ ತಲೆ ಹೊರಹಾಕಿ, ಕಡಲಹಕ್ಕಿಗಳೆಲ್ಲ ಎದ್ದು ಹಾರುವಂತೆ ಕೂಗಿದರು. ಸುಹಾಸ್ ಶಿಳ್ಳೆ ಹೊಡೆದ. ಅಪರ್ಣಾ ನಕ್ಕಳು, ನಗುತ್ತ ಅತ್ತಳು. ಹಾಲು ಕುಡಿದಷ್ಟು ಸಂತೋಷವಾಗಿತ್ತು ಅವಳಿಗೆ.

ಬೆಂಚಿನ ಮುದುಕರು ಒಬ್ಬೊಬ್ಬರಾಗಿ ಒಳಗೆ ಬಂದರು. ಪಬ್ಬಿನಲ್ಲಿ ಎಲ್ಲರಿಗಿಂತ ಜೋರಾಗಿ ವಿಮಾನದ ಸದ್ದು ಮಾಡುತ್ತಿದ್ದವನು ಎಲ್ಲರಿಗಿಂತ ಹಿಂದಿದ್ದ. ಹಿಡಿಯ ಮುಂದೆ ಬಗ್ಗಿ ಆ ಕೆಂಪು ಮುದ್ರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಉಳಿದವರೂ ತೆಗೆದರು.

ಡೆನಿ ಅಜ್ಜ ಮಾತ್ರ ತೆಗೆಯಲಿಲ್ಲ. ತನ್ನ ಟೋಪಿಯನ್ನು ಒಂದಿಷ್ಟು ಓರೆ ಮಾಡಿಕೊಂಡ.