ಹೆಸರು ಹೇಳಬಾರದ ಸೊಪ್ಪು

ಮೀಂಜದ ಅಮ್ಮಣಿಯ ಕಾಮಾಲೆ ಮದ್ದಿಗೆ ಎರಡು ಷರತ್ತು. ಅದರ ಜೊತೆ ಬೇರೆ ಮದ್ದು ಕುಡಿಯಬಾರದು. ಸೊಪ್ಪಿನ ಹೆಸರು ಕೇಳಬಾರದು. ಬಾಯಿಬಿಟ್ಟು ಹೇಳಿದರೆ ಗುಣ ಹೋಗುತ್ತದೆ. ನಲವತ್ತು ವರ್ಷಗಳಿಂದ ಅವಳು ಬೆಳಕು ಹರಿಯುವ ಮೊದಲೇ ಎದ್ದು, ಯಾರೊಡನೆಯೂ ಮಾತಾಡದೆ ಸೊಪ್ಪು ಕಿತ್ತು, ಹಾಲಿನಲ್ಲಿ ಅರೆದು ಕೊಡುತ್ತಿದ್ದಳು. ವಾಸಿಯಾದವರು ಊರಿಡೀ ಹೇಳುತ್ತಿದ್ದರು. ಆಗದವರು ಹೇಳಲು ಬರುತ್ತಿರಲಿಲ್ಲ.

ಈಗ ಅವಳ ತಂಗಿಯ ಮಗ ಸುಧೀರ್ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದ. ಹತ್ತು ದಿನ ಅವಳ ಮದ್ದು ಕುಡಿದರೂ ಕಣ್ಣಿನ ಹಳದಿ ಏರುತ್ತಲೇ ಇತ್ತು.

"ಎಂತ ಸೊಪ್ಪು ಅಂತ ಗೊತ್ತಾಗದೆ ನಾನು ಎಂತ ಮಾಡುವುದಮ್ಮ?" ಡಾಕ್ಟರ್ ಶ್ರೀವಾಣಿ ಮೂರನೆಯ ಸಲ ಕೇಳಿದರು. "ಲಿವರ್ ಕೆಡ್ತಾ ಉಂಟು. ಅದರಿಂದಲೇ ಆದದ್ದಾ ಅಂತ ತಿಳಿಯಬೇಕು."

"ಹೇಳಿದರೆ ನಾಳೆ ಬರುವವರಿಗೆ ಎಂತ ಕೊಡುವುದು?" ಮಂಚದ ಬಳಿ ನಿಂತಿದ್ದ ಅಮ್ಮಣಿ ಕೇಳಿದಳು.

"ನಾಳೆ ಬರುವವರದ್ದು ನಾಳೆಗೆ, ದೊಡ್ಡಮ್ಮ," ಎಂದಳು ಸುಧೀರನ ಹೆಂಡತಿ ನಿಶ್ಮಿತಾ. "ಇವರು ಇವತ್ತು ಮಲಗಿದ್ದಾರಲ್ಲ."

ಅಮ್ಮಣಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೆಲನೆಲ್ಲಿ."

ವಾರ್ಡಿನಲ್ಲಿ ಯಾರೂ ಬೆಚ್ಚಲಿಲ್ಲ. "ಓ, ಕೀಳಾರ್ನೆಲ್ಲಿ! ನನ್ನ ಅಜ್ಜಿಯೂ ಅದನ್ನೇ ಕೊಡುವುದು," ಎಂದಳು ಮಲಯಾಳಿ ನರ್ಸ್. ಪಕ್ಕದ ಮಂಚದ ಮುದುಕ ಉಗ್ಗಪ್ಪ, "ನಮ್ಮ ಅಂಗಳ ಇಡೀ ಅದೇ ಮಾರಾಯ್ತಿ," ಎಂದ.

"ಇದರಿಂದ ಲಿವರ್ ಇಷ್ಟು ಕೆಟ್ಟದ್ದು ನಾನು ಕಂಡಿಲ್ಲ," ಎನ್ನುತ್ತಾ ಡಾಕ್ಟರ್ ಬರೆದುಕೊಂಡರು.

"ಗುಣ ಆದದ್ದು ಕಂಡಿದ್ದೀರಾ?" ಎಂದಳು ಅಮ್ಮಣಿ.

"ಕಾಮಾಲೆ ತುಂಬ ಜನರಿಗೆ ತಾನಾಗಿಯೇ ಇಳಿಯುತ್ತದೆ. ಸೊಪ್ಪಿನಿಂದ ಇಳಿದದ್ದು ಅನ್ನಲಿಕ್ಕೆ ಗಟ್ಟಿ ಪುರಾವೆ ಇಲ್ಲ."

ಅಮ್ಮಣಿ ಸ್ಟೂಲಿನ ಮೇಲೆ ಕುಳಿತಳು. ಅವಳನ್ನು ನೋಡಲಾಗದೆ ಸುಧೀರ್ ಗೋಡೆಯ ಕಡೆ ತಿರುಗಿದ. "ದೊಡ್ಡಮ್ಮ, ಬೈಯಬೇಡಿ. ಫೋನಿನಲ್ಲಿ ನೋಡಿ ಒಂದು ಲಿವರ್ ಪುಡಿ ಸಹ ತರಿಸಿದ್ದೆ. ಬೇಗ ಗುಣ ಆಗಲಿ ಅಂತ ದಿನಕ್ಕೆ ನಾಲ್ಕು ಚಮಚ."

"ಮೊದಲೇ ಬೊಗಳಲಿಕ್ಕೆ ಎಂತ ದಾಡಿ ನಿನಗೆ?"

"ಬೇರೆ ಎಂತದ್ದೂ ಕುಡಿಯಬಾರದು ಅಂದಿದ್ದಿರಲ್ಲ."

ಪುಡಿ ನಿಂತಿತು. ವಾರ ಕಳೆದ ಮೇಲೆ ರಕ್ತಪರೀಕ್ಷೆಯ ಅಂಕಿಗಳು ಇಳಿಯತೊಡಗಿದವು. ಪುಡಿಯಿಂದಲೇ ಕೆಟ್ಟದ್ದಿರಬೇಕು ಎಂದರು ಡಾಕ್ಟರ್, ಖಂಡಿತ ಎನ್ನಲಿಲ್ಲ.

ಅಮ್ಮಣಿ ಊರಿಗೆ ಮರಳಿದ ಮರುದಿನ ಮುಂಜಾನೆಯೇ ಹಳದಿ ಕಣ್ಣಿನವನೊಬ್ಬ ಅಂಗಳದಲ್ಲಿ ನಿಂತಿದ್ದ.

"ಹೆಸರು ಹೇಳಿ ಆಯಿತು. ಇನ್ನು ಅದರಲ್ಲಿ ಗುಣ ಇಲ್ಲ."

"ನೆಲನೆಲ್ಲಿ ಅಲ್ವಾ? ಅದು ಮೊದಲೇ ಗೊತ್ತುಂಟು. ನೀವು ಕಿತ್ತು ಕೊಟ್ಟರೆ ಸಾಕು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೊದಲು ಹೋಗಿ ರಕ್ತ ತೋರಿಸು. ಡಾಕ್ಟರು ಬೇಡ ಅನ್ನದಿದ್ದರೆ ಬಾ. ಬರುವಾಗ ನೀನೇ ಕಿತ್ತುಕೊಂಡು ಬಾ."

ಬಾಗಿಲು ಹಾಕಿಕೊಂಡು, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಅವಳು ಬಿಸಿಲು ಬರುವವರೆಗೆ ಮಲಗಿದಳು.